ಕೂಗದ ಕುಕ್ಕರ್

ಅಮೆರಿಕದ ಫ್ರೀಜರಿಗೆ ಜ್ಯೋತಿಷ್ಯ ಬರುತ್ತದೆ. ಷಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿರುವ ನನ್ನ ಮಗಳ ಮನೆಯ ಗ್ಯಾರೇಜಿನಲ್ಲಿ, ಕಾರಿನ ಪಕ್ಕ ನಿಂತಿರುವ ಆ ಬೀರುವಿನ ಬಾಗಿಲು ತೆರೆದರೆ ಸಾಕು, ಮುಂದಿನ ತಿಂಗಳು ಮೂರನೇ ಮಂಗಳವಾರ ಅವರ ಮನೆಯಲ್ಲಿ ರಾತ್ರಿ ಊಟಕ್ಕೆ ಏನು ಎಂದು ಹೇಳಿಬಿಡಬಹುದು. ಮೈಸೂರಿನ ನಮ್ಮ ಮನೆಯಲ್ಲಿ ಬೆಳಗ್ಗೆ ಹನ್ನೊಂದಾದರೂ ಸಾರೋ ಹುಳಿಯೋ ಎಂಬುದು ಇತ್ಯರ್ಥವಾಗಿರುವುದಿಲ್ಲ.

ನಾವು ಹೋದದ್ದು ಬಾಣಂತನಕ್ಕೆ. ನಾವು ಎಂದರೆ ನಮ್ಮವಳು. ನಾನು ಸಾಮಾನು ಹೊರಲು. ಅವಳ ಸೂಟ್‌ಕೇಸಿನಲ್ಲಿ ಅಂಟಿನುಂಡೆ, ಒಣಶುಂಠಿ, ಓಮ, ಹಿಪ್ಪಲಿ ಎಲ್ಲ ಸಾಲಾಗಿ ಕೂತಿದ್ದವು. ಹೋಗಿ ನೋಡಿದರೆ ಮಗಳು ತನ್ನ ಬಾಣಂತನವನ್ನು ತಾನೇ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿಸುತ್ತ ಕೂತಿದ್ದಾಳೆ. ಅಲ್ಲಿ ಖಾಸಗಿ ಕಂಪನಿಗಳು ಹೆರಿಗೆಗೆ ಸಂಬಳದ ರಜೆ ಕೊಡಲೇಬೇಕೆಂದು ಕೇಂದ್ರದ ಕಾನೂನಿಲ್ಲ. 1993ರ ಕಾಯ್ದೆಯ ಪ್ರಕಾರ ಸಿಗುವುದು 12 ವಾರದ ರಜೆ, ಅದೂ ಸಂಬಳವಿಲ್ಲದೆ, ಅದೂ ಎಲ್ಲರಿಗೂ ಅಲ್ಲ. ಹಾಗಾಗಿ ಎಂಟು ತುಂಬುತ್ತಿದ್ದಂತೆ ಅಲ್ಲಿಯ ಹೆಂಗಸರು ಫ್ರೀಜರ್ ತುಂಬಲು ಕೂರುತ್ತಾರೆ. ಅದು ಅವರ ಸೀಮಂತ.

ವಿಧಾನ ಹೀಗೆ. ಭಾನುವಾರ ಒಂದು ಬೆಟ್ಟದಷ್ಟು ಈರುಳ್ಳಿ, ಕ್ಯಾರೆಟ್, ಬೀನ್ಸ್ ಹೆಚ್ಚಬೇಕು. (ಹೆಚ್ಚಿದವನು ನಾನು. ನಿವೃತ್ತ ಗಂಡಸಿಗೆ ಆ ದೇಶದಲ್ಲಿ ಬೇರೆ ಹುದ್ದೆ ಖಾಲಿ ಇರುವುದಿಲ್ಲ.) ತರಕಾರಿ, ಕಾಳು, ಪುಡಿ, ಉಪ್ಪು ಎಲ್ಲವನ್ನೂ ಹಸಿಯಾಗಿಯೇ ಜಿಪ್ ಇರುವ ಚೀಲಕ್ಕೆ ಹಾಕಿ, ಗಾಳಿ ಹೊರಗೆ ಒತ್ತಿ, ಮೇಲೆ ಮಾರ್ಕರಿನಲ್ಲಿ ಹೆಸರು, ತಾರೀಖು ಬರೆದು, ತಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ ಹೆಪ್ಪುಗಟ್ಟಿಸಬೇಕು. ಗಟ್ಟಿಯಾದ ಮೇಲೆ ಲೈಬ್ರರಿಯ ಪುಸ್ತಕಗಳ ಹಾಗೆ ನಿಲ್ಲಿಸಿಡಬಹುದು. ಹಿಂದಿನ ರಾತ್ರಿ ಒಂದನ್ನು ಫ್ರಿಜ್ಜಿಗಿಳಿಸಿಟ್ಟು, ಬೆಳಗ್ಗೆ ಸ್ಲೋ ಕುಕ್ಕರ್ ಎಂಬ, ಮಂದ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆಗೆ ಸುರಿದು, ಗುಂಡಿ ತಿರುಗಿಸಿ ಆಫೀಸಿಗೆ ಹೋದರೆ ಸಂಜೆ ಬರುವಷ್ಟರಲ್ಲಿ ಊಟ ಸಿದ್ಧ.

ನಮ್ಮವಳು ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದಳು. "ಬೇಯಿಸಿಟ್ಟರೆ ತಂಗಳು ಅಂತಾರೆ, ಸರಿ. ಇದು ಬೇಯೋಕೆ ಮುಂಚೆಯೇ ತಂಗಳಾಯ್ತಲ್ಲೇ!" ಎಂದಳು.

ತಂಗಳನ್ನಾದರೂ ಅವಳು ಕ್ಷಮಿಸಿಯಾಳು, ಆ ಪಾತ್ರೆಯ ಮೌನವನ್ನು ಕ್ಷಮಿಸಲಾರಳು. ನಮ್ಮ ಕಡೆ ಅಡುಗೆಗೆ ಕಿವಿ ಮುಖ್ಯ. ಬೇಳೆಗೆ ಮೂರು ಕೂಗು, ಕಡಲೆಗೆ ಐದು. ಹೆಂಗಸರು ಮೂರನೇ ಮನೆಯ ಜಗುಲಿಯಲ್ಲಿ ಮಾತಾಡುತ್ತಿದ್ದರೂ ಒಂದು ಕಿವಿ ಒಲೆಯ ಮೇಲಿರುತ್ತದೆ. ಸ್ಲೋ ಕುಕ್ಕರ್ ಕೂಗುವುದಿಲ್ಲ, ಗುಟುರು ಹಾಕುವುದಿಲ್ಲ, ಆವಿಯನ್ನೂ ನಾಚಿಕೆಯಿಂದ ಬಿಡುತ್ತದೆ. ಎಂಟು ಗಂಟೆ ಸುಮ್ಮನೆ ಕೂತಿರುತ್ತದೆ. "ಸತ್ತಿದೆಯೋ ಬದುಕಿದೆಯೋ ನೋಡಿ" ಎಂದು ಅರ್ಧ ಗಂಟೆಗೊಮ್ಮೆ ಮುಚ್ಚಳ ತೆಗೆದಳು. ಒಂದು ಸಲ ಮುಚ್ಚಳ ತೆಗೆದರೆ ಕಳೆದುಕೊಂಡ ಬಿಸಿ ಮತ್ತೆ ಕೂಡಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು ಎಂಬುದು ಆ ಪಾತ್ರೆಯ ಲೆಕ್ಕ. ಸಂಜೆ ಮಗಳು ಬಂದು ನೋಡಿದಾಗ ಕಾಳು ಬೆಳಗ್ಗೆ ಹೇಗಿತ್ತೋ ಹಾಗೇ ಇತ್ತು.

ಇಷ್ಟು ತಾಳ್ಮೆಯ ಪಾತ್ರೆ ಇಷ್ಟು ಆತುರದ ದೇಶದಲ್ಲಿ ಹೇಗೆ ಹುಟ್ಟಿತು ಎಂದು ಊರಿನ ಲೈಬ್ರರಿಯಲ್ಲಿ ಹುಡುಕಿದೆ. ಹುಟ್ಟಿಸಿದವನು ಅದೇ ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ ಎಂಬ ಯಹೂದಿ ಎಂಜಿನಿಯರ್. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಯಹೂದಿಗಳು ಸಬ್ಬತ್ ಮುಗಿಯುವ ತನಕ ಒಲೆ ಹೊತ್ತಿಸುವಂತಿಲ್ಲ. ಲಿಥುವೇನಿಯಾದಲ್ಲಿದ್ದ ನ್ಯಾಕ್ಸನ್ ಮನೆಯ ಹಿಂದಿನ ತಲೆಮಾರಿನವರು ಕಾಳು, ಮಾಂಸ, ತರಕಾರಿ ಹಾಕಿದ ಮಡಕೆಯನ್ನು ಮುಸ್ಸಂಜೆಗೆ ಮುಂಚೆ ಬೇಕರಿಗೆ ಒಯ್ದು, ಆರುತ್ತಿರುವ ಒಲೆಯೊಳಗೆ ರಾತ್ರಿಯಿಡೀ ಬಿಡುತ್ತಿದ್ದರಂತೆ. ತಾಯಿಯಿಂದ ಆ ಕತೆ ಕೇಳಿದ ನ್ಯಾಕ್ಸನ್ ಕರೆಂಟಿನ ಮಡಕೆ ಮಾಡಿ 1940ರಲ್ಲಿ ಪೇಟೆಂಟ್ ಪಡೆದ. 1970ರಲ್ಲಿ ರೈವಲ್ ಕಂಪನಿ ಅವನ ಉದ್ಯಮವನ್ನು ಕೊಂಡು, ಮರುವರ್ಷ ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಹೆಂಗಸರು ಕೆಲಸಕ್ಕೆ ಹೊರಟಿದ್ದ ಕಾಲ. ಮಡಕೆ ಮನೆಮನೆಗೂ ಹೋಯಿತು.

ಇದನ್ನು ಹೇಳಿದಾಗ ನಮ್ಮವಳ ಮುಖ ಮೊದಲ ಸಲ ಮೃದುವಾಯಿತು. "ಹಾಗಾದ್ರೆ ಅವರಲ್ಲೂ ಮಡಿ ಇದೆ ಅನ್ನಿ" ಎಂದಳು. ಮಾಂಸದ ವಿಷಯ ನಾನು ಹೇಳಿರಲಿಲ್ಲ.

ಅಂದಿನಿಂದ ಅವಳು ಚೀಲಗಳ ಮೇಲ್ವಿಚಾರಣೆ ವಹಿಸಿಕೊಂಡಳು. ಮಗಳು ತೊಗರಿಬೇಳೆ, ಹುಣಸೆರಸ, ಉಪ್ಪು ಎಲ್ಲ ಒಂದೇ ಚೀಲಕ್ಕೆ ಸುರಿಯುತ್ತಿದ್ದಳು. "ಹುಳಿ ಬಿದ್ದ ಬೇಳೆ ಎಂಟು ಗಂಟೆಯಲ್ಲ, ಎಂಟು ದಿನ ಇಟ್ಟರೂ ಬೇಯಲ್ಲ" ಎಂದು ಹುಣಸೆಯನ್ನು ಸಣ್ಣ ಚೀಲಕ್ಕೆ ಬೇರೆ ಮಾಡಿಸಿದಳು. ಇದು ಮಗಳಿಗೆ ಹೊಳೆದಿರಲಿಲ್ಲ. ಪ್ರತಿಯಾಗಿ ಮಗಳು ಹೇಳಿಕೊಟ್ಟದ್ದು ರಾಜ್ಮಾ ಕಾಳಿನ ಸಂಗತಿ. ಅದರಲ್ಲಿರುವ ವಿಷ ಹೋಗಬೇಕಾದರೆ ನೆನೆಸಿದ ಕಾಳನ್ನು ಮೊದಲು ಒಲೆಯ ಮೇಲೆ ಕೊತಕೊತ ಕುದಿಸಲೇಬೇಕು. ಈ ಪಾತ್ರೆಯ ಮಂದ ಬಿಸಿಗೆ ಅದು ಬಗ್ಗುವುದಿಲ್ಲ. ಚೀಲವನ್ನು ಹೆಪ್ಪುಗಟ್ಟಿದ ಹಾಗೇ ಪಾತ್ರೆಗೆ ಹಾಕಬಾರದು, ಹಿಂದಿನ ರಾತ್ರಿಯೇ ಫ್ರಿಜ್ಜಿಗಿಳಿಸಿ ಕರಗಿಸಿ ಎಂದು ಅಲ್ಲಿಯ ಕೃಷಿ ಇಲಾಖೆ ಹೇಳುತ್ತದೆ. ಸರ್ಕಾರವೊಂದು ಸಾರಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ನನಗೆ ಹಿಡಿಸಿತು. ಆಲೂಗಡ್ಡೆ ಫ್ರೀಜರಿನಲ್ಲಿ ಮರಳುಮರಳಾಯಿತು, ತೆಂಗಿನ ತುರಿ ಏನೂ ಆಗದೆ ಹೊರಬಂತು. ಒಗ್ಗರಣೆ ಮಾತ್ರ ಯಾವ ಚೀಲಕ್ಕೂ ಬಗ್ಗಲಿಲ್ಲ. ಸಾಸಿವೆ ಚಟಪಟ ಅನ್ನುವುದನ್ನು ಭಾನುವಾರವೇ ಮಾಡಿಟ್ಟುಕೊಳ್ಳುವ ಉಪಾಯ ಆ ದೇಶಕ್ಕೂ ಇನ್ನೂ ಗೊತ್ತಾಗಿಲ್ಲ.

ಮೊಮ್ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಬಂದ ದಿನವೇ ನಮ್ಮವಳು ತೀರ್ಪು ಕೊಟ್ಟಳು: ಬಾಣಂತಿಗೆ ಒಲೆಯ ಮೇಲಿಂದ ಇಳಿದ ಮೆಣಸಿನ ಸಾರು, ಬಿಸಿ ಅನ್ನ, ತುಪ್ಪ. ಫ್ರೀಜರಿನ ಗಾಳಿಯೂ ಸೋಕಕೂಡದು. "ಮತ್ತೆ ಅಷ್ಟೊಂದು ಚೀಲ ಅಮ್ಮಾ?" ಎಂದಳು ಮಗಳು. ನಮ್ಮವಳು ನನ್ನನ್ನೂ ಅಳಿಯನನ್ನೂ ನೋಡಿದಳು.

ಹೀಗೆ ಮಗಳು ತನಗೆಂದು ಕೂಡಿಟ್ಟ ಬಾಣಂತನವನ್ನು ನಾವಿಬ್ಬರು ಗಂಡಸರು ಉಂಡೆವು. ಹುರುಳಿಕಟ್ಟಿನ ಸಾರು ಒಳ್ಳೆಯ ಸೌದೆ ಒಲೆಯ ರುಚಿಗೆ ಹತ್ತಿರ ಬಂದಿತ್ತು. ಬಿಸಿಬೇಳೆಬಾತ್ ಮುದ್ದೆಯಾಗಿತ್ತು, ಅದು ಹೇಗೂ ಆಗಬೇಕಾದದ್ದೇ. ಕೆಲವು ಚೀಲಗಳ ಮೇಲಿನ ಬರಹ ಮಂಜಿಗೆ ಅಳಿಸಿಹೋಗಿ, ಸಂಜೆಯ ತನಕ ಏನು ಬೇಯುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಅಳಿಯ ಮೂಸಿ ನೋಡಿ "ಗೊಜ್ಜಿರಬೇಕು ಮಾವ" ಎನ್ನುವನು. ನಾನು ಕೂಟು ಎಂದು ಪಣ ಕಟ್ಟುವೆ. ಬಾಣಂತಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ತಟ್ಟೆಗಳನ್ನೇ ನೋಡುತ್ತಿದ್ದಳು, ಅಸೂಯೆಯಿಂದ.

ವೀಸಾದ ಆರು ತಿಂಗಳು ಮುಗಿಯುವ ಹೊತ್ತಿಗೆ ನಮ್ಮವಳಿಗೆ ಆ ಪಾತ್ರೆಯ ಮೇಲೆ ಮನಸ್ಸಾಗಿತ್ತು. ಅಂಥದ್ದೇ ಒಂದು ಮೈಸೂರಿಗೂ ಬೇಕೆಂದಳು. ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230, ಹಚ್ಚಿದರೆ ಸುಟ್ಟುಹೋಗುತ್ತದೆ ಎಂದು ಅಳಿಯ ಬಿಡಿಸಿ ಹೇಳಿದ. ಅವಳು ಒಳಗಿನ ಪಿಂಗಾಣಿ ಪಾತ್ರೆಯನ್ನು ಎತ್ತಿ, ಬೆರಳಿನಿಂದ ಬಡಿದು ಸದ್ದು ಕೇಳಿದಳು.

"ಹೊರಗಿನ ಡಬ್ಬಿ ನೀವೇ ಇಟ್ಕೊಳ್ಳಿ. ಇದು ಮಾವಿನಮಿಡಿ ಉಪ್ಪಿನಕಾಯಿ ಹಾಕೋಕೆ ಚೆನ್ನಾಗಿದೆ" ಎಂದು ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನ ಕಡೆ ನಡೆದಳು.