ಧೂಳಿನ ದರ್ಶನ

ಡಿಸೆಂಬರ್ 14ರ ನಸುಕಿಗೆ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳ ಮಳೆ, ಗಂಟೆಗೆ ನೂರಕ್ಕೂ ಹೆಚ್ಚು ಅಂತ ಓದಿ, ಕಂಬಳಿ ಹೊದ್ದು ಮಹಡಿ ಹತ್ತಿದೆ. ನೂರು ಅನ್ನೋದು ಕಗ್ಗತ್ತಲ ಊರಿನ ಲೆಕ್ಕವಂತೆ. ಬೆಂಗಳೂರಿನ ಬೀದಿದೀಪದ ಬೆಳಕಲ್ಲಿ ನನಗೆ ಸಿಕ್ಕಿದ್ದು ಎರಡು. ಅದರಲ್ಲೊಂದು ದೇವನಹಳ್ಳಿಗೆ ಇಳಿಯುತ್ತಿದ್ದ ವಿಮಾನ.

ಅಷ್ಟರಲ್ಲಿ ಇವಳೂ ಮೇಲೆ ಬಂದಳು. "ರೀ, ಈ ಚಳೀಲಿ ಏನ್ರೀ ನೋಡ್ತಿದ್ದೀರಿ?"

"ಉಲ್ಕಾವೃಷ್ಟಿ ಕಣೇ. ಸಾಮಾನ್ಯವಾಗಿ ಧೂಮಕೇತು ಉದುರಿಸಿದ ಧೂಳು. ಇದು ಮಾತ್ರ 1983ರಲ್ಲಿ ಪತ್ತೆಯಾದ ಫೇಥಾನ್ ಅನ್ನೋ ಕ್ಷುದ್ರಗ್ರಹದ್ದು..."

"ಧೂಳು ನೋಡೋಕೆ ಇಲ್ಲಿವರೆಗೆ ಬರಬೇಕಿತ್ತಾ? ಅಟ್ಟ ಗುಡಿಸಿ ಅಂತ ದೀಪಾವಳಿಯಿಂದ ಹೇಳ್ತಿದ್ದೀನಿ."

ಉತ್ತರ ಹುಡುಕುತ್ತಾ ಅವಳ ಮುಖವನ್ನೇ ನೋಡಿದೆ. ಆ ಕ್ಷಣಕ್ಕೇ ನನ್ನ ಬೆನ್ನ ಹಿಂದೆ ಆಕಾಶ ಸೀಳಿದಂತೆ ದೊಡ್ಡದೊಂದು ಗೀರು ಹೋಯಿತಂತೆ. ಕಂಡಿದ್ದು ಅವಳಿಗೆ.