ಏನೂ ಓದಿಲ್ಲ ಮಗಾ!

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ಮನೆಯ ಹಿರಿಯರು ಹಂಗಿಸಿದರೆ ನೀವೇನೂ ತಲೆ ತಗ್ಗಿಸಬೇಕಿಲ್ಲ. ನಮ್ಮ ದೇಶದ ಅತಿ ಪ್ರಸಿದ್ಧ ಪಾಠ ನಡೆದದ್ದೇ ಯುದ್ಧಕಾಲದಲ್ಲಿ. ಎರಡೂ ಕಡೆ ಶಂಖ ಊದಿ ಆಗಿತ್ತು. ಅರ್ಜುನನ ಬಾಯಿ ಒಣಗಿತು, ಮೈ ನಡುಗಿತು, ಬಿಲ್ಲು ಕೈಯಿಂದ ಜಾರಿತು. ಹಾಲ್ ಟಿಕೆಟ್ ಕೈಗೆ ಬಂದವರಿಗೆಲ್ಲ ಈ ಲಕ್ಷಣಗಳು ಗೊತ್ತು. ಕೃಷ್ಣ ರಥದ ಮೇಲೇ 18 ಅಧ್ಯಾಯ ಮುಗಿಸಿಕೊಟ್ಟ. ಅರ್ಜುನನೂ ಕಡಿಮೆಯವನಲ್ಲ. ಮೂರನೇ ಅಧ್ಯಾಯ ಶುರುವಾಗುತ್ತಿದ್ದಂತೆ, ಗೊಂದಲ ಮಾಡಬೇಡ, ನನಗೆ ಒಳ್ಳೆಯದಾಗುವ ಒಂದನ್ನು ಖಚಿತವಾಗಿ ಹೇಳು ಎಂದುಬಿಟ್ಟ. ಈಗಿನವರ ಬಾಯಲ್ಲಿ ಹೇಳುವುದಾದರೆ, "ಸಾರ್, ಇಂಪಾರ್ಟೆಂಟ್ ಯಾವ್ದು ಅಷ್ಟು ಹೇಳ್ಬಿಡಿ!" ಪರೀಕ್ಷಿತ ರಾಜನಿಗಾದರೋ ಏಳು ದಿನದ ಸ್ಟಡಿ ಹಾಲಿಡೇ ಸಿಕ್ಕಿತ್ತು, ಭಾಗವತದ 12 ಸ್ಕಂಧವನ್ನೂ ಕೇಳಿ ಮುಗಿಸಿದ. ಅವನ ಕೈಯಲ್ಲಿ ಮೊಬೈಲ್ ಇರಲಿಲ್ಲ ಬಿಡಿ.

ಅರ್ಜುನ ಕೇಳಿದ ಆ ಮಾತಿನಲ್ಲೇ ಕೊನೇ ರಾತ್ರಿಯ ವಿದ್ಯೆಯೆಲ್ಲ ಅಡಗಿದೆ. ಓದಬೇಕಾದ್ದು ಯಾವುದು ಎಂದು ಎಲ್ಲರೂ ಹೇಳುತ್ತಾರೆ. ಬಿಡಬೇಕಾದ್ದು ಯಾವುದು ಎಂದು ತಿಳಿದವನೇ ಪಾಸು. ಈ ವಿಷಯದಲ್ಲಿ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಣ್ಣನಿಗಿಂತ ದೊಡ್ಡ ಪಂಡಿತರಿಲ್ಲ. ಅವರು ಎಂಜಿನಿಯರಿಂಗ್ ಓದಿದವರಲ್ಲ. ಆದರೆ ಯಾವ ಟಾಪರ್‌ನ ನೋಟ್ಸ್ ಎಷ್ಟು ಸೆಟ್ ಹೋಯಿತು, ಸೀನಿಯರ್‌ಗಳು ಯಾವ ಪುಟ ಕೇಳಿ ಕೇಳಿ ತೆಗೆಸಿದರು ಎಂಬ ಲೆಕ್ಕವೆಲ್ಲ ಅವರ ಬೆರಳ ತುದಿಯಲ್ಲಿ. ಹಳೇ ಪ್ರಶ್ನೆಪತ್ರಿಕೆ ಒಂದು ಸೆಟ್ ಈಸ್ಕೊಳ್ಳಿ. ಮೈಕ್ರೋ ಮಾಡಿಕೊಡಲಾ ಎಂದು ಅವರು ಕಣ್ಣು ಮಿಟುಕಿಸಿದರೆ ಮಾತ್ರ ಕೈಮುಗಿದು ಬಂದುಬಿಡಿ. ಫೇಲಾದವನಿಗೆ ಮತ್ತೆ ಬರೆಯುವ ದಾರಿ ಇದೆ, ಡಿಬಾರ್ ಆದವನ ಪಾಡು ಬೇರೆ.

ಈಗ ಲೆಕ್ಕಾಚಾರ. ವಿಟಿಯು ಪೇಪರನ್ನೇ ತೆಗೆದುಕೊಳ್ಳಿ. ಮೂರು ಗಂಟೆ, 100 ಅಂಕ, ಐದು ಮಾಡ್ಯೂಲ್. ಪ್ರತಿ ಮಾಡ್ಯೂಲಿಗೆ 20 ಅಂಕದ ಎರಡು ಪ್ರಶ್ನೆ, ಬರೆಯಬೇಕಾದ್ದು ಒಂದೇ. ಈ ಪೇಪರಿನಲ್ಲಿ ದಡ ಮುಟ್ಟಲು ಬೇಕಾದ್ದು 35. ಎರಡು ಮಾಡ್ಯೂಲ್ ಗಟ್ಟಿಯಾದರೆ 40ರ ಆಸೆ ಇಟ್ಟುಕೊಳ್ಳಬಹುದು, ಆದರೆ ಮೌಲ್ಯಮಾಪಕರು ನಿಮ್ಮ ಮಾವನಲ್ಲ, ಪೂರ್ತಿ ಇಪ್ಪತ್ತು ಕೊಡುವುದಿಲ್ಲ. ಅದಕ್ಕೇ ಉಳಿದ ಮೂರರಲ್ಲಿ ವ್ಯಾಖ್ಯೆ, ಸೂತ್ರ, ಒಂದು ಚಿತ್ರ, ಇಷ್ಟಾದರೂ ಜೇಬಿನಲ್ಲಿರಲಿ. ಐದೂ ಮಾಡ್ಯೂಲನ್ನು ತಲಾ ಕಾಲುಭಾಗ ಓದಿದ ಮಹಾನುಭಾವರು ಪರೀಕ್ಷೆಯಲ್ಲಿ ಎಲ್ಲ ಪ್ರಶ್ನೆಯನ್ನೂ ಗುರುತು ಹಿಡಿಯುತ್ತಾರೆ, ಒಂದಕ್ಕೂ ಉತ್ತರ ಬರೆಯಲಾರರು.

ರಾತ್ರಿ ಹತ್ತಾಯಿತು, ಫೋನ್ ಶುರು. "ಎಷ್ಟಾಯ್ತೋ?" "ಏನೂ ಓದಿಲ್ಲ ಮಗಾ!" ಹೀಗೆಂದವನು ಎರಡನೇ ರಿವಿಷನ್‌ನಲ್ಲಿದ್ದಾನೆ ಎಂದೇ ತಿಳಿಯಿರಿ. "ಎರಡು ಮಾಡ್ಯೂಲ್ ಮುಗೀತು" ಎಂದವನು ಇನ್ನೂ ಪುಸ್ತಕ ಹುಡುಕುತ್ತಿದ್ದಾನೆ. ಇಂಥ ವರದಿ ನಂಬಿ ಹಿಗ್ಗುವುದೂ ದಂಡ, ಕುಗ್ಗುವುದೂ ದಂಡ. ಫೋನನ್ನು ಅಮ್ಮನ ಕೈಗೆ ಕೊಟ್ಟುಬಿಡಿ.

ನಾವು ನಂಬಬಾರದ ಇನ್ನೊಬ್ಬ ಆಸಾಮಿ ನಾವೇ. ಒಂದು ಪುಟವನ್ನು ಮೂರು ಸಲ ಓದಿ, ಹಳದಿ ಹೈಲೈಟರ್ ಬಳಿದರೆ ಎಲ್ಲ ಬಂತು ಅನ್ನಿಸಿಬಿಡುತ್ತದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಕೆಲವರು ಪಾಠವನ್ನು ಮತ್ತೆ ಓದಿದರು, ಕೆಲವರು ಮುಚ್ಚಿಟ್ಟು ನೆನಪಾದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ. ಎರಡು ದಿನ ಬಿಟ್ಟು ಕೇಳಿದರೆ ಮುಚ್ಚಿಟ್ಟು ಬರೆದವರು ಮುಂದೆ. ಪರೀಕ್ಷೆ ನಿಮ್ಮ ಕೋಣೆಯಲ್ಲೇ ಐದು ನಿಮಿಷಕ್ಕೆ ನಡೆಯುವುದಾದರೆ ಹೈಲೈಟರ್ ಸಾಕು. ಕಾಲೇಜಿಗೆ ಬಸ್ಸು ಹತ್ತಿ ಹೋಗಬೇಕಾದರೆ ಪುಸ್ತಕ ಮುಚ್ಚಿ, ರಫ್ ಹಾಳೆ ತೆಗೆದು, ಹಳೇ ಪ್ರಶ್ನೆಗೆ ಬರೆದು ನೋಡಿ. ಬಾರದ್ದು ಯಾವುದೆಂದು ರಾತ್ರಿಯೇ ತಿಳಿದರೆ ಓದಿಕೊಳ್ಳಬಹುದು. ಹಾಲ್‌ನಲ್ಲಿ ತಿಳಿದರೆ ಫ್ಯಾನ್ ನೋಡಬೇಕಾಗುತ್ತದೆ.

ನೈಟ್ ಔಟ್ ಎಂಬ ವೀರವ್ರತವೂ ಬೇಡ. ಓದಿದ್ದು ತಲೆಯಲ್ಲಿ ಬೇರೂರಲು ನಿದ್ದೆ ಬೇಕು. ರಾತ್ರಿ ಹನ್ನೊಂದಕ್ಕೆ ಕುಡಿದ ಕಾಫಿಯ ಕೆಫೀನು ಬೆಳಗಿನ ಜಾವ ನಾಲ್ಕಕ್ಕೂ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಓದಲೂ ಬಿಡದು, ಮಲಗಲೂ ಬಿಡದು. ಒಂದು ಮಾಡ್ಯೂಲ್ ಬಿಟ್ಟಾದರೂ ಸರಿ, ನಾಲ್ಕೈದು ಗಂಟೆಯಾದರೂ ಮಲಗಿ.

ಬೆಳಿಗ್ಗೆ ಅಮ್ಮ ಕೊಟ್ಟ ಮೊಸರು ಸಕ್ಕರೆ ತಿಂದು ಹೊರಡಿ. ಗೇಟಿನ ಹತ್ತಿರ ಒಬ್ಬ ಇರುತ್ತಾನೆ, "ಆ ಡೆರಿವೇಷನ್ ಓದಿದ್ಯಾ? ಗ್ಯಾರಂಟಿ ಬರತ್ತೆ" ಎನ್ನುತ್ತಾನೆ. ಕಿವಿ ಕೇಳಿಸದವರ ಹಾಗೆ ಒಳಗೆ ನಡೆಯಿರಿ. ಬರುವುದನ್ನು ಮೊದಲು ಬರೆಯಿರಿ, ಚಿತ್ರಕ್ಕೆ ಸ್ಕೇಲು ಹಿಡಿಯಿರಿ, ಪ್ರಶ್ನೆಸಂಖ್ಯೆ ತಪ್ಪದಿರಲಿ. ಹೊರಗೆ ಬಂದ ಮೇಲೆ ಉತ್ತರ ತಾಳೆ ನೋಡುವವರ ಗುಂಪಿಗೂ ಹೋಗಬೇಡಿ. ಮುಂದಿನ ಪೇಪರಿಗೆ ನಡುವೆ ಎರಡು ದಿನ ರಜೆ ಇದೆಯಲ್ಲವೇ? ಹಾಗಾದರೆ ಒಂದೂವರೆ ದಿನ ನಿಶ್ಚಿಂತೆಯಾಗಿರಿ!