ವಿಮಾನದ ಮಾಸ್ತರರು

ನಿವೃತ್ತಿಯಾದೊಡನೆ ಕೆಲವರು ಪ್ರವಚನಕ್ಕೂ ಮತ್ತೆ ಕೆಲವರು ನೆರೆಮನೆಯ ನ್ಯಾಯತೀರ್ಮಾನಕ್ಕೂ ತಮ್ಮನ್ನು ಅರ್ಪಿಸಿಕೊಳ್ಳುವುದು ಲೋಕರೂಢಿಯಾಗಿರಲು, ದೂರದಿಂದ ತರಿಸಿದ ನೀಳವಾದ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು, ಮಹಡಿಯೇರಿ, ಬಾಗಿಲಿಕ್ಕಿಕೊಳ್ಳುವ ಒಂದು ವಿರಳ ಜಾತಿಯೂ ನಮ್ಮ ಸೀಮೆಯಲ್ಲಿ ಉಂಟು. ಇವರು ಹಿಂದೆ ಯಾವ ಇಲಾಖೆಯಲ್ಲಿದ್ದವರಾದರೂ ಊರು ಇವರನ್ನು ‘ಇಮಾನದ ಮಾಸ್ತರ’ ಎಂದೇ ಕರೆಯುತ್ತದೆ. ಗಂಗಾವತಿಯಲ್ಲಿ ಈ ಜಾತಿಗೆ ತಾಳ್ಮೆ ಕಡಿಮೆ. ತುಂಗಭದ್ರೆಯ ಕಾಲುವೆಯ ನೀರೂ ಅಕ್ಕಿ ಗಿರಣಿಯ ಹಣವೂ ಕೂಡಿದ ಊರಾದುದರಿಂದ, ಸಿದ್ಧವಿಮಾನವನ್ನೇ ತರಿಸಿ ಸಂಜೆಯೊಳಗೆ ಭತ್ತದ ಗದ್ದೆಯಲ್ಲಿ ನಾಟಿಮಾಡಿ ಕೈತೊಳೆದುಕೊಳ್ಳುತ್ತಾರೆ. ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯವರಾದರೋ ಮಳೆಗಾಗಿ ಕಾದು ಪಳಗಿದವರು. ಒಂದು ರೆಕ್ಕೆಗಾಗಿ ವರುಷಗಟ್ಟಲೆ ಕಾಯಬಲ್ಲರು. ನಾನು ಹೇಳಹೊರಟ ಮಾಸ್ತರರು ಯಲಬುರ್ಗಾ ಕಡೆಯಿಂದ ಬಂದು ಕೊಪ್ಪಳದಲ್ಲಿ ನೆಲೆಸಿದವರು.

ಅವರ ಪೆಟ್ಟಿಗೆಯಲ್ಲಿದ್ದುದು, 1938ರಿಂದ 1947ರವರೆಗೆ ಅಮೆರಿಕದಲ್ಲಿ ಸುಮಾರು 20,000ದಷ್ಟು ತಯಾರಾದ ಪೈಪರ್ ಜೆ-3 ಕಬ್ ಎಂಬ ಹಳದಿ ವಿಮಾನದ, ರಿಮೋಟಿನಿಂದ ಹಾರಿಸುವ, ಏಳರಲ್ಲೊಂದಂಶದ ಪ್ರತಿಕೃತಿ. ರೆಕ್ಕೆಯ ತುದಿಯಿಂದ ತುದಿಗೆ ಒಂದೂವರೆ ಮೀಟರು. ನಕ್ಷೆಯನ್ನು ಹಲಗೆಯ ಮೇಲೆ ಹರಡಿ, ಅಂಟು ಹತ್ತದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಾಲ್ಸಾ ಮರದ ಒಂದೊಂದು ಪಕ್ಕೆಲುಬನ್ನೂ ಗುಂಡುಸೂಜಿಯಿಂದ ನಿಲ್ಲಿಸಿ, ಉಸಿರು ಬಿಗಿಹಿಡಿದು ಫೆವಿಕ್ವಿಕ್ಕಿನ ಹನಿಯೊಂದನ್ನು ಬಿಟ್ಟರೆ, ಅದು ಮರಕ್ಕಿಂತ ಮುಂಚೆ ಮಾಸ್ತರರ ಹೆಬ್ಬೆರಳನ್ನು ಹಿಡಿಯುತ್ತಿತ್ತು. ಹಳದಿ ಹಾಳೆಯನ್ನು ರೆಕ್ಕೆಗೆ ಬಿಗಿಯಲು ಮನೆಯ ಇಸ್ತ್ರಿ ಪೆಟ್ಟಿಗೆಯೂ ಮಹಡಿಯೇರಿದಾಗ ಮಡದಿಯವರು ಕೇಳಿದರು: ‘ಏನ್ರೀ, ಇದು ಆಟಿಗಿ ಸಾಮಾನೋ, ಖರೇ ಇಮಾನೋ? ಒಂದರೆ ಹೇಳ್ರಿ.’ ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗಗಳನ್ನು ತಯಾರಿಸುವ ಏಕಸ್ ಸಂಸ್ಥೆಯೇ ನಮ್ಮ ಭಾನಾಪುರದಲ್ಲಿ ಆಟಿಕೆಗಳ ಕೈಗಾರಿಕೆಯನ್ನೂ ಕಟ್ಟಿರುವಾಗ, ಈ ಎರಡರ ನಡುವೆ ಗೆರೆಯೆಳೆಯಲು ತಾವಾರೆಂಬುದು ಮಾಸ್ತರರ ಉತ್ತರ.

ಅಳತೆಯ ಮಾದರಿಯೆಂದ ಮೇಲೆ ಚಾಲಕನಿಲ್ಲದೆ ಆದೀತೆ? ಸಮೀಪದ ಕಿನ್ನಾಳಕ್ಕೆ ಹೋದರು. ಹಗುರವಾದ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸಿ, ಕಣ್ಣು ಕೋರೈಸುವ ಬಣ್ಣವೇರಿಸುವ ಅಲ್ಲಿಯ ಚಿತ್ರಗಾರರೊಬ್ಬರು ಗೇಣುದ್ದದ ವೈಮಾನಿಕನನ್ನು ಮಾಡಿಕೊಟ್ಟರು. ದುಂಡುಗಣ್ಣು, ತಿದ್ದಿದ ಹುಬ್ಬು, ಹುರಿಮೀಸೆ. ಅಮೆರಿಕದವನಂತೆ ಕಾಣನಲ್ಲ ಎಂದು ಮಾಸ್ತರರು ಅಳುಕಿದರೆ, ‘ಹಾರಾಂವ ಅಂದಮ್ಯಾಲ ಗರುಡನ ಕಳಿ ಬ್ಯಾಡೇನ್ರಿ ಸರ?’ ಎಂದುತ್ತರ ಬಂತು.

ಇಲ್ಲಿಂದ ನಿಜವಾದ ತೊಡಕು. ಜೆ-3 ಕಬ್‌ನಲ್ಲಿ ಒಬ್ಬನೇ ಹಾರುವ ಚಾಲಕನು, ಸಮತೋಲದ ಕಾರಣದಿಂದ, ಹಿಂದಿನ ಆಸನದಲ್ಲಿಯೇ ಕೂಡತಕ್ಕದ್ದು. ಮಾಸ್ತರರು ಗೊಂಬೆಯನ್ನು ಹಾಗೆಯೇ ಕೂಡಿಸಿದರು. ಆದರೆ ಮಾದರಿಯ ಭಾರಕೇಂದ್ರವು ರೆಕ್ಕೆಯ ಮುಂದಂಚಿನಿಂದ ಅದರ ಅಗಲದ ಕಾಲುಭಾಗದ ಆಸುಪಾಸಿನಲ್ಲಿ ಬರಬೇಕು. ಎರಡು ಬೆರಳುಗಳ ಮೇಲೆ ಎತ್ತಿದಾಗ ಬಾಲ ಕುಸಿದರೆ ಆ ವಿಮಾನ ಹಾರಿದರೂ ಹೇಳಿದ ಮಾತು ಕೇಳದು. ಬಾಲ ಕುಸಿಯಿತು. ಗೊಂಬೆಯನ್ನು ಮುಂದಕ್ಕೆ ಸರಿಸುವುದು ಮಕ್ಕಳಿಗೂ ಹೊಳೆಯುವ ಉಪಾಯವಾದರೂ ಅದು ಸತ್ಯಕ್ಕೆ ಬಗೆದ ಅಪಚಾರವಾದುದರಿಂದ, ಮೂಗಿನೊಳಗೆ ನಾಣ್ಯಗಳನ್ನು ಟೇಪಿನಿಂದ ಬಿಗಿದರು. ಭಾರ ಹೆಚ್ಚಿತೆಂದು ದೊಡ್ಡ ಬ್ಯಾಟರಿ ತಂದರು. ಬ್ಯಾಟರಿಯಿಂದ ಮೂಗು ಬಾಗಿತೆಂದು ನಾಣ್ಯಗಳನ್ನು ಒಂದೊಂದಾಗಿ ಕಿತ್ತರು. ಸರಕಾರದ ನಾಣ್ಯವು ಇಷ್ಟು ಸದ್ಬಳಕೆಯಾದುದನ್ನು ನಾನಂತೂ ಬೇರೆಲ್ಲಿಯೂ ಕಂಡಿಲ್ಲ.

ಬಳಿಕ ಗಾಳಿಯ ಚಿಂತೆ. ನಮ್ಮ ಬಯಲುಗಳಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲವಷ್ಟೆ! ‘ಗಾಳಿ ಬೀಳ್ಲಿ, ಹಾರಸೂಣು’ ಎಂಬುದು ಅವರ ಖಾಯಂ ಮಾತಾಯಿತು. ಚಹಾದಂಗಡಿಯ ಹಿರಿಯರೊಬ್ಬರು ತಾಳಲಾರದೆ, ‘ನಮ್ಮ ಅಂಜನಾದ್ರಿ ಹನಮಪ್ಪ ಯಾವ ರಿಮೋಟ ಹಿಡಕೊಂಡು ಹಾರಿದ್ದ್ರಿ?’ ಎಂದುಬಿಟ್ಟರು. ಆ ಮಾತು ನಾಟಿತು.

ಜೋಳ ಕೊಯ್ದ ಎರೆಹೊಲದ ಪಕ್ಕದ ಗಟ್ಟಿನೆಲದಲ್ಲಿ, ಎಲೆ ಅಲುಗದ ಒಂದು ಮುಂಜಾವಿನಲ್ಲಿ, ಕಬ್ ನೆಲಬಿಟ್ಟು ಎದ್ದಿತು. ಎದ್ದುದು ಮಾಸ್ತರರಿಗೇ ಆಶ್ಚರ್ಯ. ದೂರ ಸಾಗುವಾಗ ವಿಮಾನದ ಎಡವು ನಮ್ಮ ಎಡವೇ. ತಿರುಗಿ ನಮ್ಮತ್ತ ಮೊಗಮಾಡಿತೆಂದರೆ ಅದರ ಎಡವು ನಮ್ಮ ಬಲ. ಈ ಸೂಕ್ಷ್ಮವನ್ನು ಚಹಾದ ಬಶಿಯನ್ನು ತಿರುಗಿಸಿ ತಿರುಗಿಸಿ ಊರಿಗೆಲ್ಲ ಬೋಧಿಸಿದ್ದವರು ಇವರೇ. ವಿಮಾನ ಮೊಗಮಾಡಿತು, ಮಾಸ್ತರರು ಕಡ್ಡಿಯನ್ನು ಸೆಳೆದರು, ಸೆಳೆದ ಕಡೆ ತಪ್ಪೆಂದು ನೆರೆದ ಮಕ್ಕಳೆಲ್ಲ ಒಕ್ಕೊರಲಿನಿಂದ ಕೂಗಿ ಹೇಳುವಷ್ಟರಲ್ಲಿ ಅದು ಜಾಲಿಯ ಕಂಟಿಯೊಳಗಿತ್ತು.

‘ರೆಕ್ಕಿ ಪೂರಾ ಹೋತಲ್ರಿ ಸರ!’ ಎಂದೊಬ್ಬ ಹುಡುಗ ಮರುಗಿದ. ‘ಪೂರಾ ಅಲ್ಲೋ ತಮ್ಮಾ, ಬರೇ ಏಳು ಪಕ್ಕೆಲುಬು. ನಕ್ಷಿ ಮನ್ಯಾಗ ಐತಿ,’ ಎನ್ನುವಾಗ ಮಾಸ್ತರರ ಮುಖದಲ್ಲಿ, ವಿಮಾನ ಹಾರುತ್ತಿದ್ದಾಗ ಲವಲೇಶವೂ ಇಲ್ಲದಿದ್ದ ನೆಮ್ಮದಿ ಮೂಡಿತ್ತು. ಮೀಸೆಯೂ ಮುಕ್ಕಾಗದ ಗರುಡಲೋಚನನನ್ನು ಜೇಬಿಗಿಳಿಸಿ, ಅಂಗಡಿಗಳು ತೆರೆಯಲು ಇನ್ನೂ ಎರಡು ತಾಸುಂಟೆಂದು ಯಾರು ಹೇಳಿದರೂ ಕೇಳದೆ, ಫೆವಿಕ್ವಿಕ್ ತರಲು ಪೇಟೆಯ ಕಡೆಗೆ ನಡೆದೇಬಿಟ್ಟರು.